ಸಾಂಬ್ರಾಣಿ ಹಾಕಿದರೂ ಸೊಳ್ಳೆ ಹೋಗದಿದ್ದರೆ: ದೋಷ ಹುಡುಕುವ ಕ್ರಮ

ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿ, ಕೊನೆಗೆ ವೈಂಡಿಂಗನ್ನೇ ಸುಟ್ಟುಕೊಂಡು ಮೋಟರು ಹೊತ್ತು ತರುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ. ಅವರಿಗೆ ಬುದ್ಧಿ ಹೇಳುವ ನಾನೇ ಸೊಳ್ಳೆ ವಿಷಯದಲ್ಲಿ ಎಷ್ಟೋ ವರ್ಷ ಅದೇ ಕೆಲಸ ಮಾಡಿದ್ದೇನೆ. ಕಚ್ಚಿತು, ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ಮತ್ತೆ ಕಚ್ಚಿತು, ಬೇವಿನ ಸೊಪ್ಪು ಸೇರಿಸಿದೆ. ಮನೆಮಂದಿಯೆಲ್ಲ ಕೆಮ್ಮಿದ್ದಾಯಿತು, ಸೊಳ್ಳೆ ಮಾತ್ರ ಮರುದಿನ ಸಂಜೆಗೆ ಹಾಜರು. ಹೊಗೆ ಎಂದರೆ ಆ ದಪ್ಪ ತಂತಿಯ ಹಾಗೆ. ದೋಷ ಇರುವುದು ಎಲ್ಲೋ ನಿಂತ ನೀರಿನಲ್ಲಿ.

ನಮ್ಮ ಪುತ್ತೂರು, ಸುಳ್ಯ ಕಡೆ ಇದಕ್ಕೆ ನುಸಿ ಎನ್ನುತ್ತೇವೆ. ಘಟ್ಟದ ಮೇಲಿನವರಿಗೆ ನುಸಿ ಎಂದರೆ ಕಾಳಿಗೆ ಹಿಡಿಯುವ ಹುಳ, ಅದಕ್ಕೇ ಇಲ್ಲಿ ಸೊಳ್ಳೆ ಎಂದೇ ಬರೆದಿದ್ದೇನೆ. ಹುಬ್ಬಳ್ಳಿ, ಧಾರವಾಡದವರು ಗುಂಗಾಡು ಎಂದು ಓದಿಕೊಳ್ಳಿ. ಔಷಧ ಸಿಂಪಡಿಸದೆ, ಮನೆಯಲ್ಲಿ ಇರುವುದರಲ್ಲೇ ನಿವಾರಿಸಿಕೊಳ್ಳುವ ಕ್ರಮ ಇದು. ನಾನು ನೋಡುವ ಅನುಕ್ರಮದಲ್ಲೇ ಹೇಳುತ್ತೇನೆ.

ಮೊದಲ ಪ್ರಶ್ನೆ: ಎಷ್ಟು ಹೊತ್ತಿಗೆ ಕಚ್ಚುತ್ತದೆ?

"ಸೊಳ್ಳೆ ಜಾಸ್ತಿಯಾಗಿದೆ" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಮೋಟರು ಕೆಟ್ಟಿದೆ ಎಂದ ಹಾಗೆಯೇ. ಎರಡು ದಿನ ಗಮನಿಸಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಮತ್ತು ಸಂಜೆ ಕತ್ತಲಾಗುವ ಮೊದಲು, ಸದ್ದಿಲ್ಲದೆ ಕಾಲಿನ ಗಂಟು, ಮೀನಖಂಡಕ್ಕೆ ಕಚ್ಚಿದರೆ ಅದು ಈಡಿಸ್. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟಿ. ಡೆಂಗಿ, ಚಿಕೂನ್‌ಗುನ್ಯಾ ಹರಡುವುದು ಇದೇ. ದೀಪ ಆರಿಸಿ ಮಲಗಿದ ಮೇಲೆ ಕಿವಿಯ ಹತ್ತಿರ ಗುಂಯ್ ಎನ್ನುವ ಕಂದು ಬಣ್ಣದ್ದು ಹೆಚ್ಚಾಗಿ ಕ್ಯೂಲೆಕ್ಸ್. ಆನೆಕಾಲು ರೋಗಕ್ಕೆ ಕಾರಣ. ಮೂರನೆಯದೂ ರಾತ್ರಿಯದೇ, ಆದರೆ ಗೋಡೆಯ ಮೇಲೆ ಕುಳಿತಾಗ ಹಿಂಭಾಗ ಎತ್ತಿ ಮೊಳೆ ಹೊಡೆದ ಹಾಗೆ ಓರೆಯಾಗಿ ನಿಂತಿದ್ದರೆ ಅನಾಫಿಲಿಸ್, ಮಲೇರಿಯಾ ತರುವುದು.

ಇದನ್ನು ಗುರುತಿಸುವುದು ಪಾಂಡಿತ್ಯಕ್ಕಲ್ಲ. ಮೂರಕ್ಕೂ ಬೇಕಾದ ನೀರು ಬೇರೆ ಬೇರೆ. ಮನೆಯೆದುರಿನ ಗಬ್ಬು ಚರಂಡಿಯನ್ನು ಬೈಯುತ್ತ ಕೂತವರ ಮನೆಯೊಳಗೆ ಹಗಲು ಕಚ್ಚುತ್ತಿದ್ದರೆ, ಆ ಚರಂಡಿ ಪಾಪ ನಿರಪರಾಧಿ.

ಹಗಲು ಕಚ್ಚುತ್ತಿದೆ

ಈಡಿಸ್‌ಗೆ ಬೇಕಾದದ್ದು ಪಾತ್ರೆಯಲ್ಲಿ ನಿಂತ ತಿಳಿನೀರು. ಹೆಚ್ಚು ದೂರ ಹಾರುವ ಜಾತಿಯಲ್ಲ, ಸಾಮಾನ್ಯವಾಗಿ ಹುಟ್ಟಿದ ಜಾಗದ 100-200 ಮೀಟರ್ ಒಳಗೇ ಅದರ ಬದುಕು. ಅಂದರೆ ದೋಷ ನಿಮ್ಮ ಅಂಗಳದಲ್ಲೋ, ಬೇಲಿಯಾಚೆಯ ಮನೆಯಲ್ಲೋ ಇದೆ. ನಮ್ಮ ಊರಿಗೆ ಡೆಂಗಿ ಬರುವುದು ತೋಟದ ದಾರಿಯಲ್ಲಿ. ಬಿದ್ದ ಅಡಿಕೆ ಹಾಳೆ ದೋಣಿಯ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿ ಮರದಲ್ಲೇ ಬಿಟ್ಟ ರಬ್ಬರ್ ಗೆರಟೆ, ಇಲಿ ಕೊರೆದ ಬೊಂಡ, ಸೌದೆ ರಾಶಿಗೆ ಹೊದೆಸಿದ ಟಾರ್ಪಾಲಿನ ಮಡಿಕೆ, ಎಲ್ಲವೂ ಒಂದೊಂದು ತೊಟ್ಟಿಲು. ಹಾಳೆಯನ್ನು ಮಗುಚಿ ಹಾಕಿದರೆ ಸಾಕು, ಗೆರಟೆಯನ್ನು ಬೋರಲು ಕಟ್ಟಿದರೆ ಸಾಕು, ಖರ್ಚಿಲ್ಲದ ಕೆಲಸ.

ನನಗೆ ಪಾಠ ಕಲಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಒಂದು ಜೂನ್‌ನಲ್ಲಿ ಹಾಳೆ, ಗೆರಟೆ, ಅಂಗಡಿ ಹಿಂದಿನ ಹಳೆ ಟಯರು ಎಲ್ಲ ತೆಗೆಸಿದೆ. ಆದರೂ ಜಗಲಿಯಲ್ಲಿ ನಾಲ್ಕು ಗಂಟೆಯ ಚಹಾಕ್ಕೆ ಕುಳಿತರೆ ಕಾಲು ಕೆರೆದುಕೊಳ್ಳುವುದು ತಪ್ಪಲಿಲ್ಲ. ಬಚ್ಚಲುಕೊಟ್ಟಿಗೆಯ ಹಿಂದೆ ಅಜ್ಜಿಯ ಕಾಲದ ಒರಳುಕಲ್ಲು ಬಿದ್ದಿತ್ತು, ಅದರ ಗುಂಡಿ ತುಂಬ ಮಳೆನೀರು. ಅಮ್ಮನಿಗೆ ತೋರಿಸಿದರೆ, "ಅದು ಮಳೆ ನೀರಲ್ವಾ ಮಾರಾಯ, ಚೊಕ್ಕ ಉಂಟು, ಅದರಲ್ಲಿ ಎಂತ ನುಸಿ?" ಎಂದರು. ಬಗ್ಗಿ ನೋಡಿದರೆ ಕೊಂಕುತ್ತ ಏರಿಳಿಯುವ ಹುಳುಗಳು ನೂರಾರು. ನೀರು ಮೊಗೆದು ಚೆಲ್ಲಿದೆ. ಎಂಟು ಹತ್ತು ದಿನಕ್ಕೆ ಮತ್ತೆ ಅಷ್ಟೇ ಹುಳು.

ಇದು ರಿಪೇರಿ ಮಾಡಿದ ಮೇಲೂ ಮರಳಿ ಬರುವ ದೋಷ. ಕಾರಣ ಹೀಗೆ: ಈಡಿಸ್ ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ; ತಿಂಗಳುಗಟ್ಟಲೆ ಅಂಟಿಕೊಂಡಿದ್ದು, ನೀರು ಮತ್ತೆ ಆ ಮಟ್ಟಕ್ಕೆ ಬಂದ ಕೂಡಲೇ ಒಡೆಯುತ್ತದೆ. ಚೆಲ್ಲಿದರೆ ಹುಳು ಹೋದವು, ಮೊಟ್ಟೆ ಉಳಿದವು. ಆದ್ದರಿಂದ ಡ್ರಮ್, ಬಾನಿ, ತೊಟ್ಟಿ ಯಾವುದೇ ಇರಲಿ, ವಾರಕ್ಕೊಮ್ಮೆ ಖಾಲಿ ಮಾಡಿ ತೆಂಗಿನ ನಾರು ಹಿಡಿದು ಒಳಗೋಡೆಯನ್ನು ಗಸಗಸ ತಿಕ್ಕಬೇಕು. ನೀರಿನ ಗೆರೆ ಬಿದ್ದ ಜಾಗವನ್ನು ಮುಖ್ಯವಾಗಿ. ವಾರ ಯಾಕೆಂದರೆ, ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಬೇಕು. ನನ್ನ ಒರಳಿಗೆ ಕುದಿನೀರು ಹೊಯ್ದು, ತಿಕ್ಕಿ, ಕೊನೆಗೆ ಮರಳು ತುಂಬಿಸಿ ತುಳಸಿ ನೆಟ್ಟೆ.

ಪೇಟೆಯ ಮನೆಗಳಲ್ಲಿ ಜಾಗ ಬೇರೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯಲ್ಲಿರುವ ತಂಗಿ, "ಇಷ್ಟು ಮೇಲೆ ಸೊಳ್ಳೆ ಹೇಗೆ ಹತ್ತಿ ಬರ್ತದಣ್ಣ?" ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು. ಹತ್ತಿ ಬರುತ್ತಿರಲಿಲ್ಲ, ಅಲ್ಲೇ ಹುಟ್ಟುತ್ತಿತ್ತು: ಫ್ರಿಜ್ ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಯಲ್ಲಿ. ಮನಿಪ್ಲಾಂಟಿನ ಬಾಟಲಿ, ಕುಂಡದ ಕೆಳಗಿನ ತಟ್ಟೆ, ಏರ್‌ಕೂಲರ್, ಬಳಸದ ಬಾತ್‌ರೂಮಿನ ಫ್ಲಶ್ ಟ್ಯಾಂಕು, ಸಂಪಿನ ಮುಚ್ಚಳದ ಮೇಲಿನ ತಗ್ಗು, ತಾರಸಿಯಲ್ಲಿ ಮುಚ್ಚಳ ಹಾರಿಹೋದ ಸಿಂಟೆಕ್ಸ್, ಗೇಟಿನ ಬಾಯ್ತೆರೆದ ಪೈಪು. ಬಾಟಲಿ ಮುಚ್ಚಳದಷ್ಟು ನೀರೂ ಇದಕ್ಕೆ ಸಾಕಾಗುತ್ತದೆ. ನೀರು ಎರಡು ದಿನಕ್ಕೊಮ್ಮೆ ಬರುವ ಬಡಾವಣೆಗಳಲ್ಲಿ ತುಂಬಿಟ್ಟ ಡ್ರಮ್ಮನ್ನು ಚೆಲ್ಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಂಥಲ್ಲಿ ಹಳೆ ಹತ್ತಿ ಪಂಚೆಯನ್ನು ಬಾಯಿಗೆ ಬಿಗಿದು ಕಟ್ಟಿ. ಬಟ್ಟೆ ನಡುವೆ ಜೋತು ನೀರಿಗೆ ತಾಗಬಾರದು, ಅಷ್ಟೇ.

ಮನೆಯ ಸುತ್ತ ಸೊಳ್ಳೆ ಹುಟ್ಟಲು ಬಿಟ್ಟರೆ ದಂಡ ಹಾಕುವ ನಿಯಮವನ್ನು ಕರ್ನಾಟಕ ಸರ್ಕಾರ 2024ರಲ್ಲಿ ತಂದಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ದಂಡ ಕಟ್ಟಿದವರು ನಮ್ಮ ಊರಲ್ಲಿ ಸಿಕ್ಕಿಲ್ಲ, ಆದರೆ ಆಶಾ ಕಾರ್ಯಕರ್ತೆಯರು ಟಾರ್ಚ್ ಹಿಡಿದು ಡ್ರಮ್ ಇಣುಕುವಾಗ ಜನ ಈಗ ಮೊದಲಿನ ಹಾಗೆ ಮುಖ ಸಿಂಡರಿಸುವುದಿಲ್ಲ.

ರಾತ್ರಿ ಗುಂಯ್‌ಗುಟ್ಟುತ್ತದೆ

ಇಲ್ಲಿ ಕೊಳಕು ನೀರೇ ಆರೋಪಿ: ಹರಿಯದ ಚರಂಡಿ, ಬಚ್ಚಲ ಗುಂಡಿ, ಸೆಪ್ಟಿಕ್ ಟ್ಯಾಂಕು. ಕ್ಯೂಲೆಕ್ಸ್ ನೀರಿನ ಮೇಲೇ ನೂರು ಇನ್ನೂರು ಮೊಟ್ಟೆಯನ್ನು ಒತ್ತೊತ್ತಾಗಿ ಜೋಡಿಸಿ ತೆಪ್ಪದ ಹಾಗೆ ತೇಲಿ ಬಿಡುತ್ತದೆ. ಕಣ್ಣಿಗೆ ಮಸಿಯ ಚೂರಿನಂತೆ ಕಾಣುತ್ತದೆ. ಒಂದೆರಡು ಕಿಲೋಮೀಟರ್ ದೂರದಿಂದಲೂ ಬರಬಲ್ಲದು, ಹಾಗಾಗಿ ನಿಮ್ಮ ಅಂಗಳ ಎಷ್ಟೇ ಚೊಕ್ಕಟವಿದ್ದರೂ ಪೂರ್ತಿ ನಿಲ್ಲುತ್ತದೆಂಬ ಭರವಸೆ ಕೊಡಲಾರೆ.

ಎಲ್ಲರೂ ಮರೆಯುವ ಜಾಗ ಒಂದಿದೆ: ಸೆಪ್ಟಿಕ್ ಟ್ಯಾಂಕಿನಿಂದ ಮೇಲಕ್ಕೆ ನಿಲ್ಲಿಸಿದ ಗಾಳಿ ಕೊಳವೆ. ಅದರ ತುದಿಗೆ ನೈಲಾನ್ ಬಲೆಯ ತುಂಡು ಕಟ್ಟಿ ದಾರ ಬಿಗಿಯಿರಿ. ಟ್ಯಾಂಕಿನ ಚಪ್ಪಡಿ ಬಿರುಕಿದ್ದರೆ ಸಿಮೆಂಟ್ ಮೆತ್ತಿ. ಬಚ್ಚಲ ಜಾಲರಿಯ ಮೇಲೆ ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಗೆ ಎಣ್ಣೆ ಸವರಿ, ಸವರಿದ ಮುಖ ಕೆಳಗೆ ಮಾಡಿ ರಾತ್ರಿ ಜಾಲರಿ ಮೇಲೆ ಸ್ವಲ್ಪ ಎತ್ತರಿಸಿ ಮುಚ್ಚಿಡಿ, ಅಂಚಿಗೆ ಟೇಪು ಹಚ್ಚಿ. ಬೆಳಿಗ್ಗೆ ಸೊಳ್ಳೆ ಅಂಟಿದ್ದರೆ ಹುಟ್ಟುವ ಜಾಗ ಸಿಕ್ಕಿತು. ಅಂಟಿರದಿದ್ದರೆ ಎರಡು ಮೂರು ರಾತ್ರಿ ನೋಡಿಯೇ ಬಿಡಿ. ಸಿಕ್ಕಿದ ಮೇಲೆ ದಿನ ಬಿಟ್ಟು ದಿನ ಕುದಿಯುವ ನೀರು ಹೊಯ್ಯುವುದು, ಬಳಸದ ಬಚ್ಚಲಾದರೆ ಜಾಲರಿ ಮುಚ್ಚಿಡುವುದು.

ಸುಟ್ಟ ಎಂಜಿನ್ ಆಯಿಲ್ ಗುಂಡಿಗೆ ಸುರಿಯಲು ಕೆಲವರು ನನ್ನ ಅಂಗಡಿಗೇ ಕೇಳಿಕೊಂಡು ಬರುತ್ತಾರೆ. ಹುಳು ಉಸಿರುಗಟ್ಟಿ ಸಾಯುವುದೇನೋ ನಿಜ, ನೀರಿನ ಮೇಲ್ಮೈಗೆ ಬಾಲದ ಕೊಳವೆ ಚಾಚಿ ಉಸಿರಾಡುವ ಪ್ರಾಣಿ ಅದು. ಆದರೆ ಇಂಗುವ ಗುಂಡಿಗೆ ಸುರಿದದ್ದು ಇಳಿಯುವುದು ನಿಮ್ಮದೇ ಬಾವಿಗೆ. ಕೊಡುವುದಿಲ್ಲ ಎಂದು ಕಳಿಸುತ್ತೇನೆ. ಅದಕ್ಕಿಂತ ಬಿ.ಟಿ.ಐ. ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಪುಡಿ ಒಳ್ಳೆಯದು. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಕೊಳದಲ್ಲಿ ಸಿಕ್ಕಿದ್ದು. ಸೊಳ್ಳೆಯ ಮರಿ ಅದನ್ನು ತಿಂದು ಸಾಯುತ್ತದೆ, ಮೀನಿಗೆ, ದನಕ್ಕೆ ತೊಂದರೆಯಿಲ್ಲ. ಹಾಕಿದ ಮೇಲೂ ಅಲ್ಪವಿರಾಮದ ಆಕಾರದ ಹುಳು ಉರುಳಾಡುತ್ತಿದ್ದರೆ ಔಷಧ ನಕಲಿ ಎಂದುಕೊಳ್ಳಬೇಡಿ. ಅದು ಮರಿ ಸೊಳ್ಳೆಯಾಗುವ ಮುಂಚಿನ ಕೋಶದ ಹಂತ, ಆಗ ಅದು ಏನನ್ನೂ ತಿನ್ನುವುದಿಲ್ಲ, ತಿನ್ನದ್ದು ಸಾಯುವುದೂ ಇಲ್ಲ.

ಬಾವಿ, ಕೆರೆಕಟ್ಟೆ, ದೊಡ್ಡ ತೊಟ್ಟಿ

ಬಿಳಿ ಬಟ್ಟಲಲ್ಲಿ ಮೊಗೆದು ನೋಡಿ. ಮೊದಲು ಸದ್ದು ಮಾಡಬೇಡಿ. ನೆರಳು ಬಿದ್ದರೆ ಸಾಕು, ಮರಿಗಳು ತಳಕ್ಕೆ ಇಳಿದುಬಿಡುತ್ತವೆ. ತಲೆ ಕೆಳಗಾಗಿ ಜೋತಾಡುತ್ತಿದ್ದರೆ ಮೇಲಿನ ಎರಡರಲ್ಲಿ ಒಂದು. ನೀರಿಗೆ ಸಮನಾಗಿ, ಕಡ್ಡಿಯ ಹಾಗೆ ಅಡ್ಡ ಮಲಗಿದ್ದರೆ ಅನಾಫಿಲಿಸ್.

ಖಾಲಿ ಮಾಡಲಾಗದ ನೀರಿಗೆ ಮದ್ದು ಗಪ್ಪಿ ಮೀನು. ಒಂದು ಮೀನು ದಿನಕ್ಕೆ 80-100 ಮರಿ ತಿನ್ನುತ್ತದೆ. ಚದರ ಮೀಟರ್ ನೀರಿಗೆ 5ರಿಂದ 10 ಮೀನು ಬೇಕು. ಕೋಲಾರ ಕಡೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ ಬಿಟ್ಟು ಮಲೇರಿಯಾ ಸೊಳ್ಳೆ ಇಳಿಸಿದ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಆದರೆ ಹಳ್ಳ, ಕೆರೆಗೆ ಮಾತ್ರ ಬಿಡಬೇಡಿ. ಗಪ್ಪಿಯೂ, ಅದರ ಹಾಗೇ ಸೊಳ್ಳೆಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಮೀನೂ ಹೊರದೇಶದವು, ನಮ್ಮ ನೀರಿನ ಸಣ್ಣ ಮೀನು, ಕಪ್ಪೆಮರಿಗಳಿಗೆ ಕಂಟಕ. ಏರೋಪ್ಲೇನ್ ಚಿಟ್ಟೆಯ ಮರಿಗಳು ಅಲ್ಲಿ ಆ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿವೆ. ಮೀನು ಬಿಟ್ಟ ಮೇಲೂ ಸೊಳ್ಳೆ ಇಳಿಯದಿದ್ದರೆ, ಯಾರೋ ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ ಮೀನು ಸತ್ತಿರಬಹುದು. ನಮ್ಮಲ್ಲಿ ಎರಡು ಸಲ ಹೀಗಾಗಿದೆ.

ಎಲ್ಲ ನೋಡಿಯಾಯಿತು, ನೀರೇ ಸಿಗುತ್ತಿಲ್ಲ

ಆಗ ಸೊಳ್ಳೆಯನ್ನೇ ಕೇಳಬೇಕು. ಗೋಡೆಯ ಮೇಲೆ ಕೂತ ಒಂದೆರಡನ್ನು ಲೋಟದಲ್ಲಿ ಮುಚ್ಚಿ ಹಿಡಿದು ಮೂತಿ ನೋಡಿ. ಮೀಸೆ ಪುಕ್ಕದ ಹಾಗೆ ಪೊದೆಯಾಗಿದ್ದರೆ ಗಂಡು. ಗಂಡು ಕಚ್ಚುವುದಿಲ್ಲ, ಹುಟ್ಟಿದ ಜಾಗ ಬಿಟ್ಟು ಹೆಚ್ಚು ದೂರವೂ ಹೋಗುವುದಿಲ್ಲ. ಮನೆಯೊಳಗೆ ಗಂಡು ಸೊಳ್ಳೆ ಬಹಳ ಇದ್ದರೆ ನೀರು ನಿಮ್ಮ ಮೂಗಿನ ಕೆಳಗೇ ಇದೆ, ಮತ್ತೆ ಹುಡುಕಿ.

ಇನ್ನೊಂದು ಉಪಾಯ ಕಪ್ಪು ಲೋಟ. ಕಪ್ಪು ಬಣ್ಣದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧ ನೀರು ಹಾಕಿ, ಒಳಗೋಡೆಗೆ ಒರಟು ಬಟ್ಟೆಯ ಪಟ್ಟಿ ಸುತ್ತಿ. ಇಂಥ ನಾಲ್ಕನ್ನು ಮನೆಯ ನಾಲ್ಕು ಮೂಲೆಗೆ, ನೆರಳಿನಲ್ಲಿ ಇಟ್ಟು ನಾಲ್ಕೈದು ದಿನ ಬಿಟ್ಟು ಪಟ್ಟಿ ನೋಡಿ. ಯಾವುದರಲ್ಲಿ ಮೊಟ್ಟೆಯ ಕಪ್ಪು ಚುಕ್ಕಿ ಹೆಚ್ಚೋ ಆ ದಿಕ್ಕಿನಿಂದ ಹುಡುಕಲು ಶುರುಮಾಡಿ. ನೋಡಿದ ಕೂಡಲೇ ಪಟ್ಟಿಯನ್ನು ಸುಟ್ಟು, ಡಬ್ಬಿಯನ್ನು ತಿಕ್ಕಿ ಒಳಗಿಡಿ. ನಾನು ಒಂದನ್ನು ಪಪ್ಪಾಯಿ ಗಿಡದ ಬುಡದಲ್ಲಿ ಮರೆತು, ಎರಡು ವಾರ ಅಂಗಳಕ್ಕೆ ನಾನೇ ಸೊಳ್ಳೆ ಸಾಕಿದೆ.

ಹೀಗೆ ನೀರು ಮಗುಚಿದ ಮಾತ್ರಕ್ಕೆ ಸೊಳ್ಳೆ ಕಡಿಮೆಯಾಗುತ್ತದೆಂಬುದು ಹೊಸ ಶೋಧವೇನಲ್ಲ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಹಿಡಿದ ರೊನಾಲ್ಡ್ ರಾಸ್, ಅದಕ್ಕೂ ಮುಂಚೆ 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಕಂಡು, ಅದನ್ನು ಬೋರಲು ಹಾಕಿಸಿ ಕಾಟ ಇಳಿದದ್ದನ್ನು ಗಮನಿಸಿದರು.

ಒಳಗೆ ಬರುವ ದಾರಿ

ಕಿಟಕಿಗೆ ಬಲೆ ಹಾಕಿಸಿಯೂ ಸೊಳ್ಳೆ ಬರುತ್ತದೆ ಎನ್ನುವವರ ಮನೆಯಲ್ಲಿ ರಾತ್ರಿ ಒಳಗೆ ದೀಪ ಹಾಕಿ ಹೊರಗಿನಿಂದ ನೋಡಿ. ಬಾಗಿಲಡಿಯ ಸಂದು, ಬಾತ್‌ರೂಮಿನ ವೆಂಟಿಲೇಟರು, ಎ.ಸಿ. ಪೈಪು ಹೋದ ತೂತು, ಬೆಳಕು ಕಂಡಲ್ಲೆಲ್ಲ ಸೊಳ್ಳೆಗೆ ಹೆಬ್ಬಾಗಿಲು. ಹಂಚಿನ ಮನೆಯಾದರೆ ಈ ಸಾಹಸ ಬೇಡ. ಹಂಚಿನ ಸಂದನ್ನು ಮುಚ್ಚಿ ಮುಗಿಸಿದವರಿಲ್ಲ. ಹಾಸಿಗೆಗೆ ಸೊಳ್ಳೆಪರದೆ ಕಟ್ಟಿ, ಚದರ ಇಂಚಿಗೆ 156 ತೂತು ಇರುವಂಥದ್ದು. ಪರದೆಯೊಳಗೂ ಕಚ್ಚಿದರೆ ಕಾರಣ ಎರಡೇ: ಎಲ್ಲೋ ಹರಿದಿದೆ, ಇಲ್ಲವೇ ಕೈಕಾಲು ಪರದೆಗೆ ತಾಗುತ್ತಿದೆ, ಅದು ಹೊರಗಿನಿಂದಲೇ ಚುಚ್ಚುತ್ತದೆ. ಹಾಸಿಗೆಯಡಿಗೆ ಅಂಚು ಸಿಕ್ಕಿಸಿ.

ಬಾಗಿಲು ಮುಚ್ಚುವ ಹೊತ್ತೂ ಮುಖ್ಯ. ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿ ಬರಲಿ ಎಂದು ಮುಂಬಾಗಿಲು ತೆರೆದಿಡುವುದು ನಮ್ಮ ಮನೆಯಲ್ಲೂ ಇದೆ. ಅಮ್ಮನ ಜತೆ ರಾಜಿಯಾಗಿ ಹಿಂಬಾಗಿಲು ಮಾತ್ರ ಐದೂವರೆಗೇ ಮುಚ್ಚುತ್ತೇವೆ. ಎರಡೂ ತೆರೆದಿದ್ದರೆ ಗಾಳಿಯ ಜತೆ ಅವೂ ಬರುತ್ತವೆ.

ಹೊಗೆ, ಎಣ್ಣೆ, ಗಿಡ

ಎಲ್ಲ ಮುಗಿದ ಮೇಲೆ ಇವು. ತೆಗಳಲಾರೆ, ಆದರೆ ಯಾವುದು ಎಷ್ಟು ಎಂದು ತಿಳಿದಿರಬೇಕು.

ಬೇವು, ಲಕ್ಕಿಸೊಪ್ಪು, ಸಾಂಬ್ರಾಣಿ ಹೊಗೆ ಸೊಳ್ಳೆಯನ್ನು ಕೊಲ್ಲುವುದಿಲ್ಲ, ಓಡಿಸುತ್ತದೆ. ಓಡಲು ದಾರಿ ಬೇಕಲ್ಲ? ಎಲ್ಲ ಕಿಟಕಿ ಮುಚ್ಚಿ ಹೊಗೆ ಹಾಕಿದರೆ ಅವು ಮಂಚದಡಿ, ಮೊಳೆಗೆ ತೂಗುಹಾಕಿದ ಬಟ್ಟೆಯ ಹಿಂದೆ ಕೂತು ಹೊಗೆ ಕರಗಿದ ಮೇಲೆ ಬರುತ್ತವೆ. ಒಂದು ಕಡೆ ತೆರೆದಿಟ್ಟು, ಬಟ್ಟೆ ಕೊಡವಿ, ಹೊಗೆ ಹೋದ ಮೇಲೆ ಮುಚ್ಚಿ. ಕೊಟ್ಟಿಗೆಗೆ ಅಡಿಕೆ ಸಿಪ್ಪೆಯ ಹೊಗೆ ಒಳ್ಳೆಯದು, ಮಲಗುವ ಕೋಣೆಗೆ ಬೇಡ. ಸೊಳ್ಳೆ ಬತ್ತಿ ಒಂದು ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಸೊಪ್ಪಿನ ಹೊಗೆ ನೈಸರ್ಗಿಕವೆಂದು ಶ್ವಾಸಕೋಶ ರಿಯಾಯಿತಿ ಕೊಡುವುದಿಲ್ಲ. ಉಬ್ಬಸದವರು, ಎಳೆಮಕ್ಕಳು ಇದ್ದರೆ ಪೂರ್ತಿ ಬಿಡಿ.

ತುಳಸಿ, ಮಜ್ಜಿಗೆಹುಲ್ಲು, ಚೆಂಡುಹೂವನ್ನು ಕುಂಡದಲ್ಲಿ ಇಟ್ಟ ಮಾತ್ರಕ್ಕೆ ಸೊಳ್ಳೆ ದೂರ ಹೋಗುವುದಿಲ್ಲ. ಎಲೆ ಜಜ್ಜಿದಾಗ ಬರುವ ಎಣ್ಣೆಗೆ ಮಾತ್ರ ಆ ಗುಣ. ಕುಂಡದ ತಟ್ಟೆಯ ನೀರು ಗಿಡದ ಉಪಕಾರವನ್ನು ತಿಂದುಹಾಕುವುದೇ ಹೆಚ್ಚು. ಬೇವಿನೆಣ್ಣೆಯನ್ನು ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡು ಪಾಲು ಬೆರೆಸಿ ಕೈಕಾಲಿಗೆ ಸವರಿದರೆ ಸ್ವಲ್ಪ ಹೊತ್ತು ಆಸರೆ. ಮಜ್ಜಿಗೆಹುಲ್ಲಿನ, ಸಿಟ್ರೊನೆಲ್ಲಾದ ಎಣ್ಣೆ ಬೇಗ ಆರಿಹೋಗುತ್ತದೆ, ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಿಂಬೆ ನೀಲಗಿರಿಯಿಂದ ತಯಾರಿಸಿದ್ದು ಹೆಚ್ಚು ಬಾಳುತ್ತದೆ, ಆದರೆ ಅಂಗಡಿಯಲ್ಲಿ ನೆಗಡಿಗೆ ಕೊಡುವ ನೀಲಗಿರಿ ಎಣ್ಣೆ ಅದಲ್ಲ, ಮೂರು ವರ್ಷದೊಳಗಿನ ಮಕ್ಕಳಿಗೆ ಅದೂ ಕೂಡದು. ಕರ್ಪೂರವನ್ನು ತಟ್ಟೆಯಲ್ಲಿ ಮೂಲೆಗಿಡುವವರು ಮಗುವಿನ ಕೈಗೆಟುಕದಂತೆ ಇಡಿ. ಸಣ್ಣ ತುಂಡು ನುಂಗಿದರೂ ಫಿಟ್ಸ್ ಬರಬಹುದು. ಬೆಳ್ಳುಳ್ಳಿ ತಿನ್ನುವುದು, ಮೊಬೈಲಿನಲ್ಲಿ ಸೊಳ್ಳೆ ಓಡಿಸುವ ಸದ್ದು ಹಾಕುವುದು, ಎರಡಕ್ಕೂ ಸೊಳ್ಳೆ ಕ್ಯಾರೇ ಅನ್ನುವುದಿಲ್ಲ.

ಇವೆಲ್ಲಕ್ಕಿಂತ ಫ್ಯಾನಿನ ಮೇಲೆ ನನಗೆ ನಂಬಿಕೆ, ಕಸುಬಿನ ಅಭಿಮಾನವೂ ಇರಬಹುದು. ಸೊಳ್ಳೆ ಹಾರುವ ವೇಗ ನಮ್ಮ ನಡಿಗೆಗಿಂತ ಕಡಿಮೆ. ಟೇಬಲ್ ಫ್ಯಾನನ್ನು ಕಾಲ ಕಡೆಗೆ ತಿರುಗಿಸಿಟ್ಟರೆ ಹತ್ತಿರ ಬರಲಾಗುವುದಿಲ್ಲ, ನಮ್ಮ ಉಸಿರಿನ ವಾಸನೆಯೂ ಚದುರಿ ಅದಕ್ಕೆ ಜಾಡು ತಪ್ಪುತ್ತದೆ.

ಸರಿಯಾಯಿತೇ ಎಂದು ನೋಡುವುದು

ನೀರು ತೆಗೆದ ಮರುದಿನ ಸೊಳ್ಳೆ ಕಡಿಮೆಯಾಗಲಿಲ್ಲವೆಂದು ಕೈಬಿಡಬೇಡಿ. ಆಗಲೇ ರೆಕ್ಕೆ ಬಂದವು ಇನ್ನೂ ಕೆಲವು ವಾರ ಬದುಕಿರುತ್ತವೆ. ಎರಡು ವಾರದ ಹೊತ್ತಿಗೆ ಇಳಿಮುಖ ಕಾಣಬೇಕು. ಕಾಣದಿದ್ದರೆ ಒಂದು ಜಾಗ ಬಿಟ್ಟುಹೋಗಿದೆ, ಅಥವಾ ಅದು ಪಕ್ಕದ ಖಾಲಿ ಸೈಟಿನಲ್ಲಿದೆ. ಎರಡನೆಯದಾದರೆ ಪಂಚಾಯಿತಿಗೋ ನಗರಸಭೆಗೋ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಮರಿಗಳಿರುವ ನೀರನ್ನು ಬಾಟಲಿಯಲ್ಲಿ ತುಂಬಿ ಮೇಜಿನ ಮೇಲಿಟ್ಟು ಹೇಳಿ. ಮುಚ್ಚಳ ಗಟ್ಟಿ ಹಾಕಿರಬೇಕು.

ಮನೆಯಲ್ಲಿ ಯಾರಿಗಾದರೂ ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ಮುರಿತ ಶುರುವಾದರೆ ಕಷಾಯ ಕುದಿಸುತ್ತ ದಿನ ಕಳೆಯದೆ ರಕ್ತ ಪರೀಕ್ಷೆಗೆ ಹೋಗಿ. ಮೈನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಿಸಬೇಡಿ. ಡೆಂಗಿ ಎಂದಾದರೆ ರೋಗಿಯನ್ನು ಹಗಲಲ್ಲೂ ಪರದೆಯೊಳಗೇ ಮಲಗಿಸಬೇಕು. ಅವರನ್ನು ಕಚ್ಚಿದ ಸೊಳ್ಳೆ ಎಂಟು ಹತ್ತು ದಿನ ಕಳೆದು ಮನೆಯ ಮತ್ತೊಬ್ಬರಿಗೆ ಅದನ್ನು ದಾಟಿಸುತ್ತದೆ.